ನಗರಸಭೆ ಮೀಟಿಂಗಲ್ಲಿ ನಮ್ಮ ಬೀದಿ ವಿಷಯ ಬರೋ ಹಾಗೆ ಮಾಡೋದು ಹೇಗೆ? (ಚಿಕ್ಕಮಗಳೂರಿನವರಿಗೆ)

ಚರಂಡಿ ತುಂಬಿದೆ, ನಾಲ್ಕು ದಿನ ಆಯ್ತು ನೀರು ಬಂದಿಲ್ಲ, ಕಸದ ಗಾಡಿ ನಮ್ಮ ಕ್ರಾಸಿಗೆ ಬರ್ತಾನೇ ಇಲ್ಲ ಅಂತ ವಾಟ್ಸಾಪ್ ಗ್ರೂಪಲ್ಲಿ ಫೋಟೋ ಹಾಕೋರು ಪ್ರತಿ ವಾರ್ಡಲ್ಲೂ ಇದ್ದಾರೆ, ಹಾಕ್ಲಿ, ಆದ್ರೆ ಆ ಫೋಟೋಗೆ ಕಡತ ಹುಟ್ಟಲ್ಲ, ನಗರಸಭೇಲಿ ಕಡತ ಇಲ್ಲದ ಕೆಲಸಕ್ಕೆ ದುಡ್ಡು ಬರಲ್ಲ. ನಾನು ಹೇಳೋಕೆ ಹೊರಟಿರೋದು ಒಂದೇ ವಿಷಯ, ಮೀಟಿಂಗ್ ದಿನ ಹೋಗಿ ಕೂಗಾಡೋದಕ್ಕಿಂತ ಮೀಟಿಂಗಿಗೆ ಮೂರು ವಾರ ಮುಂಚೆ ಒಂದು ಕಾಗದ ಕೊಡಿ, ಮೀಟಿಂಗ್ ಆದ್ಮೇಲೆ ಆ ಕಾಗದದ ಹಿಂದೆ ಬೀಳಿ. ಇಷ್ಟನ್ನ ಹೇಗೆ ಮಾಡೋದು ಅಂತ ಕೆಳಗೆ ಬರೀತಾ ಇದೀನಿ.

ಮೊದಲು ನೋಡ್ಬೇಕಾದ್ದು ಅದು ನಗರಸಭೆ ಕೆಲಸ ಹೌದಾ ಅಲ್ವಾ ಅಂತ. ಬೀದಿ ದೀಪದ ಬಲ್ಬು ನಗರಸಭೇದು, ಆದ್ರೆ ಕರೆಂಟು, ಟ್ರಾನ್ಸ್‌ಫಾರ್ಮರ್, ಜೋತುಬಿದ್ದ ವೈರು ಇವೆಲ್ಲ ಮೆಸ್ಕಾಂದು. ಕಡೂರು ಕಡೆಯಿಂದ ಊರೊಳಗೆ ಬಂದು ಮೂಡಿಗೆರೆ ಕಡೆ ಹೋಗೋ ರಸ್ತೆ ರಾಷ್ಟ್ರೀಯ ಹೆದ್ದಾರಿ, ಅಲ್ಲಿ ಗುಂಡಿ ಬಿದ್ರೆ ವಾರ್ಡ್ ಮೆಂಬರ್ ಹತ್ರ ಜಗಳ ಆಡಿ ಪ್ರಯೋಜನ ಇಲ್ಲ, ಹೆದ್ದಾರಿ ವಿಭಾಗಕ್ಕೆ ಬರೀಬೇಕು. ಒಳಚರಂಡಿ, ಕುಡಿಯೋ ನೀರಿನ ದೊಡ್ಡ ಯೋಜನೆ ಕಾಮಗಾರಿಗಳನ್ನ ಮಾಡೋದು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಅವರು ಮುಗಿಸಿ ಹಸ್ತಾಂತರ ಮಾಡಿದ್ಮೇಲೆ ದಿನನಿತ್ಯದ ನಿರ್ವಹಣೆ ನಗರಸಭೆಗೆ ಬರುತ್ತೆ. ಹೊಸ ಲೇಔಟ್ ಅನುಮೋದನೆ ನಗರಾಭಿವೃದ್ಧಿ ಪ್ರಾಧಿಕಾರದ್ದು. ಇನ್ನು ಊರಂಚಲ್ಲಿ ಮನೆ ಕಟ್ಟಿರೋರು ಒಂದ್ಸಲ ಕಂದಾಯದ ರಸೀದಿ ತೆಗೆದು ನೋಡಿ, ರಸೀದಿ ಮೇಲೆ ಗ್ರಾಮ ಪಂಚಾಯಿತಿ ಹೆಸರಿದ್ರೆ ನೀವು ಹೋಗ್ಬೇಕಾದ ಜಾಗವೇ ಬೇರೆ.

ಎರಡನೇದು, ಎಲ್ಲಾ ಕೆಲಸಕ್ಕೂ ಮೀಟಿಂಗ್ ಬೇಕಾಗಿಲ್ಲ. ಬಲ್ಬು ಹೋಗಿದ್ರೆ, ಚರಂಡಿ ಹೂಳು ತೆಗೀಬೇಕಾದ್ರೆ, ಕಸ ಎತ್ತದೇ ಹೋದ್ರೆ, ಪೈಪು ಒಡೆದಿದ್ರೆ ಇದಕ್ಕೆಲ್ಲ ಠರಾವು (ಸಭೆಯ ನಿರ್ಣಯ) ಬೇಡ, ಆಯಾ ವಾರ್ಡಿನ ಹೆಲ್ತ್ ಇನ್ಸ್‌ಪೆಕ್ಟರ್, ಜೆಇ (ಜೂನಿಯರ್ ಇಂಜಿನಿಯರ್), ವಾಟರ್‌ಮ್ಯಾನ್ ಇವರೇ ಮಾಡಬಹುದು, ಪೌರಾಡಳಿತ ನಿರ್ದೇಶನಾಲಯದ ಜನಹಿತ ಆ್ಯಪಲ್ಲಿ ದೂರು ಹಾಕಿದ್ರೆ ಒಂದು ನಂಬರ್ ಸಿಗುತ್ತೆ, ಆ ನಂಬರ್ ಇಟ್ಕೊಂಡು ಕೇಳಬಹುದು. ಖಾತೆ ಬದಲಾವಣೆ, ಜನನ ಮರಣ ಪತ್ರ ಇಂಥವಕ್ಕೆ ಸಕಾಲ ಇದೆ, ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಚೀಟಿ ಕೇಳಿ ತಗೊಳ್ಳಿ, ಅದಿಲ್ದೆ ಎದ್ದು ಬರಬೇಡಿ. ಮೀಟಿಂಗ್ ಬೇಕಾಗೋದು ಹೊಸದಾಗಿ ದುಡ್ಡು ಹಾಕೋ ಕೆಲಸಕ್ಕೆ, ಹೊಸ ಚರಂಡಿ, ಹೊಸ ರಸ್ತೆ, ಪಾರ್ಕಿಗೆ ಬೇಲಿ, ಸಂತೆ ಜಾಗ ಬದಲಾಯಿಸೋದು, ಮಳಿಗೆ ಹರಾಜು, ರಸ್ತೆಗೆ ಹೆಸರಿಡೋದು, ಹೀಗೆ.

ಈಗ ಆ ಸಭೇಲಿ ಯಾರಿರ್ತಾರೆ ಅಂತ ಸ್ವಲ್ಪ ತಿಳ್ಕೊಳ್ಳೋಣ, ಯಾಕಂದ್ರೆ ಯಾರ ಹತ್ರ ಏನು ಕೇಳ್ಬೇಕು ಅನ್ನೋದು ಇದ್ರಿಂದಲೇ ಗೊತ್ತಾಗೋದು. ನಮ್ಮೂರಿಗೆ 35 ವಾರ್ಡ್, 35 ಜನ ಗೆದ್ದು ಬಂದ ಸದಸ್ಯರು, ಕಳೆದ ಚುನಾವಣೆ ಆಗಿದ್ದು 2021ರ ಡಿಸೆಂಬರಲ್ಲಿ. ಇವರ ಜೊತೆ ಎಂಎಲ್ಎ, ಎಂಪಿ ಕೂಡ ಸದಸ್ಯರೇ, ಅವರಿಗೂ ಓಟಿದೆ. ಸರ್ಕಾರ ನೇಮಕ ಮಾಡೋ ನಾಮನಿರ್ದೇಶಿತ ಸದಸ್ಯರು ಮಾತಾಡಬಹುದು, ಓಟು ಹಾಕೋ ಹಾಗಿಲ್ಲ. ಅಧ್ಯಕ್ಷರು ಸಭೆ ನಡೆಸ್ತಾರೆ, ಅವರ ಅವಧಿ ಮೂವತ್ತು ತಿಂಗಳು, ಮೀಸಲಾತಿ ರೊಟೇಷನ್ ಪ್ರಕಾರ ಬದಲಾಗುತ್ತೆ. ಕಡತ ನಡೆಸೋದು, ಬಿಲ್ಲಿಗೆ ಸಹಿ ಹಾಕೋದು, ಸಿಬ್ಬಂದಿಗೆ ಹೇಳಿ ಕೆಲಸ ಮಾಡಿಸೋದು ಪೌರಾಯುಕ್ತರು. ಅವರ ಕೆಳಗೆ ಇಂಜಿನಿಯರುಗಳು, ಕಂದಾಯ ಅಧಿಕಾರಿ, ಪರಿಸರ ಇಂಜಿನಿಯರ್ ಇರ್ತಾರೆ. ಸದಸ್ಯರು ಬೇಕು ಅಂತ ನಿರ್ಣಯ ಮಾಡ್ತಾರೆ, ಅಧಿಕಾರಿಗಳು ಅದನ್ನ ಮಾಡಿಸ್ತಾರೆ, ಇಬ್ಬರಲ್ಲಿ ಒಬ್ಬರನ್ನ ಮಾತ್ರ ಹಿಡ್ಕೊಂಡ್ರೆ ನಿಮ್ಮ ಕೆಲಸ ಅರ್ಧಕ್ಕೇ ನಿಲ್ಲುತ್ತೆ. (ತರೀಕೆರೆ, ಕಡೂರು ಪುರಸಭೆಯವರಿಗೂ ಇದೇ 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ, ಅಲ್ಲಿ ಪೌರಾಯುಕ್ತರ ಬದಲು ಮುಖ್ಯಾಧಿಕಾರಿ ಇರ್ತಾರೆ. ಹಾಸನ ಮಹಾನಗರ ಪಾಲಿಕೆ ಆಗಿರೋದ್ರಿಂದ ಅವರಿಗೆ 1976ರ ಪಾಲಿಕೆ ಕಾಯ್ದೆ, ನಿಯಮಗಳೂ ಬೇರೆ.)

ವಾರ್ಡ್ ಸಮಿತಿ ಯಾಕಿಲ್ಲ ಅಂತ ತುಂಬಾ ಜನ ಕೇಳ್ತಾರೆ. ಸಂವಿಧಾನದ 74ನೇ ತಿದ್ದುಪಡಿ ಪ್ರಕಾರ ವಾರ್ಡ್ ಸಮಿತಿ ಕಡ್ಡಾಯ ಆಗೋದು ಮೂರು ಲಕ್ಷಕ್ಕೆ ಮೇಲ್ಪಟ್ಟ ಊರುಗಳಿಗೆ, ನಮ್ಮದು 2011ರ ಜನಗಣತೀಲಿ ಸುಮಾರು 1.18 ಲಕ್ಷ. ಹಾಗಾಗಿ ನಮ್ಮಂಥ ಊರಲ್ಲಿ ಜನರ ಮಾತು ಒಳಗೆ ಹೋಗೋ ಮುಖ್ಯ ದಾರಿ ಈ ಸಾಮಾನ್ಯ ಸಭೆ, ಅದಕ್ಕೇ ಇದನ್ನ ಬಿಟ್ಟುಕೊಡಬಾರದು ಅಂತ ನಾನು ಇಷ್ಟು ಒತ್ತಿ ಹೇಳ್ತಿರೋದು.

ಸಾಮಾನ್ಯ ಸಭೆ ತಿಂಗಳಿಗೆ ಒಂದಾದ್ರೂ ಆಗ್ಬೇಕು ಅಂತ ಕಾಯ್ದೆ ಹೇಳುತ್ತೆ. ಅದಕ್ಕೆ ಏಳು ದಿನ ಮುಂಚೆ ನೋಟಿಸ್ ಕೊಡಬೇಕು, ವಿಶೇಷ ಸಭೆಗಾದ್ರೆ ಮೂರು ದಿನ, ನೋಟಿಸಲ್ಲಿ ಚರ್ಚೆ ಆಗೋ ವಿಷಯಗಳೂ ಇರಬೇಕು, ಆಫೀಸ್ ನೋಟಿಸ್ ಬೋರ್ಡಲ್ಲೂ ಅಂಟಿಸಬೇಕು. ಅಂದ್ರೆ ಅಜೆಂಡಾ ಪ್ರಿಂಟ್ ಆಗೋಕೆ ಮುಂಚೆ ನಿಮ್ಮ ಅರ್ಜಿ ಟೇಬಲ್ ಮೇಲಿರಬೇಕು, ಅರ್ಜಿ ಮೇಲೆ ಕಚೇರಿಯವರು ಟಿಪ್ಪಣಿ ಬರೀಬೇಕು, ಜೆಇ ಬಂದು ಜಾಗ ನೋಡಿ ಅಂದಾಜು ಪಟ್ಟಿ ಮಾಡಬೇಕು, ಇದಕ್ಕೆಲ್ಲ ಹತ್ತು ಹದಿನೈದು ದಿನ ಹಿಡಿಯುತ್ತೆ. ಮೀಟಿಂಗ್ ನಾಳೆ ಅಂತ ಪೇಪರಲ್ಲಿ ಓದಿ ಇವತ್ತು ಅರ್ಜಿ ಬರೆದ್ರೆ ಮುಂದಿನ ತಿಂಗಳಿಗೇ.

ಅರ್ಜಿ ಚಿಕ್ಕದಾಗಿರಲಿ. ಊರಿನ ಎಲ್ಲಾ ಕಷ್ಟಾನೂ ಒಂದೇ ಅರ್ಜೀಲಿ ತುಂಬಿದ್ರೆ ಅದು ಯಾವ ಶಾಖೆಗೆ ಹೋಗ್ಬೇಕು ಅಂತಾನೇ ಗೊತ್ತಾಗದೆ ಟಪಾಲಲ್ಲೇ ಕೂರುತ್ತೆ. ಒಂದು ಅರ್ಜಿಗೆ ಒಂದೇ ವಿಷಯ. ಈ ತರ ಬರೆದ್ರೆ ಸಾಕು:

"ಮಾನ್ಯ ಅಧ್ಯಕ್ಷರು ಹಾಗೂ ಪೌರಾಯುಕ್ತರು, ನಗರಸಭೆ, ಚಿಕ್ಕಮಗಳೂರು ಇವರಿಗೆ. ವಿಷಯ: ಇಂಥ ಬಡಾವಣೆಯ ಇಂಥ ಅಡ್ಡರಸ್ತೆಯಲ್ಲಿ ಸುಮಾರು ಇಷ್ಟು ಮೀಟರ್ ಚರಂಡಿ ನಿರ್ಮಿಸಲು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಿಕೊಳ್ಳುವ ಬಗ್ಗೆ. ಮಳೆಗಾಲದಲ್ಲಿ ಈ ರಸ್ತೆಯ ಇಷ್ಟು ಮನೆಗಳಿಗೆ ನೀರು ನುಗ್ಗುತ್ತಿದೆ. ಸ್ಥಳ ಪರಿಶೀಲಿಸಿ, ಅಂದಾಜು ಪಟ್ಟಿ ತಯಾರಿಸಿ, ಸಭೆಯ ಮುಂದೆ ಮಂಡಿಸಬೇಕೆಂದು ಕೋರುತ್ತೇವೆ."

ಕೆಳಗೆ ಬೀದಿಯವರ ಸಹಿ, ಮನೆ ನಂಬರ್, ಹಿಂದೆ ಎರಡು ಫೋಟೋ. ಉದ್ದ ಎಷ್ಟು ಅಂತ ನೀವೇ ಟೇಪ್ ಹಿಡಿದು ಅಳೆದು ಬರೆದ್ರೆ ಇನ್ನೂ ಒಳ್ಳೇದು, ಅಳತೆ ಇರೋ ಅರ್ಜಿಗೆ ಇಂಜಿನಿಯರ್ ಕೂಡ ಬೇಗ ಗಮನ ಕೊಡ್ತಾರೆ. ಸಹಿ ಹಾಕಿಸೋವಾಗ ಬಾಡಿಗೆಗೆ ಇರೋರನ್ನ ಬಿಡಬೇಡಿ, ನೀರು ನುಗ್ಗೋದು ಅವರ ಮನೆಗೂ ತಾನೆ.

ಇದನ್ನ ಟಪಾಲು ಶಾಖೇಲಿ ಕೊಟ್ಟು ನಿಮ್ಮ ಕಾಪಿ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸ್ಕೊಳ್ಳಿ. ಸಾಹೇಬ್ರ ಕೈಗೇ ಕೊಟ್ಟು ಬಂದೆ ಅಂತ ಸಮಾಧಾನ ಪಡೋರಿದ್ದಾರೆ, ಕೈಗೆ ಕೊಟ್ಟಿದ್ದು ಎಲ್ಲಿ ಹೋಯ್ತು ಅಂತ ಆಮೇಲೆ ಯಾರನ್ನ ಕೇಳ್ತೀರಿ? ಇನ್‌ವರ್ಡ್ ನಂಬರ್ ಇದ್ರೆ ಮೂರ್ನಾಲ್ಕು ದಿನ ಬಿಟ್ಟು ಹೋಗಿ ಯಾವ ಕೇಸ್ ವರ್ಕರ್ ಹತ್ರ ಇದೆ ಅಂತ ಕೇಳಬಹುದು. ಇನ್ನೊಂದು ಕಾಪಿ ನಿಮ್ಮ ವಾರ್ಡ್ ಸದಸ್ಯರಿಗೆ ಕೊಡಿ, ಅವರಿಗೆ ಓಟ್ ಹಾಕಿದ್ರೋ ಇಲ್ವೋ ಅದೆಲ್ಲ ಬೇಡ, "ಅಣ್ಣ ಇದನ್ನ ಅಜೆಂಡಾಕ್ಕೆ ಹಾಕ್ಸಿ, ನಾವು ಸಭೆ ನೋಡೋಕೆ ಬರ್ತೀವಿ" ಅಂತ ಹೇಳಿ ಬನ್ನಿ. ನೋಡೋಕೆ ಬರ್ತೀವಿ ಅನ್ನೋ ಮಾತು ಮುಖ್ಯ.

ಹೌದು, ಸಭೆ ನೋಡೋಕೆ ಜನ ಹೋಗಬಹುದು, ಗುಟ್ಟಾಗಿ ಚರ್ಚಿಸಬೇಕು ಅಂತ ಸಭೆಯೇ ತೀರ್ಮಾನ ಮಾಡಿದ ವಿಷಯ ಬಿಟ್ರೆ ಉಳಿದಿದ್ದೆಲ್ಲ ಸಾರ್ವಜನಿಕರಿಗೆ ತೆರೆದಿರುತ್ತೆ. ಜಾಗ ಕಮ್ಮಿ ಇರೋದ್ರಿಂದ ಬೀದಿಯಿಂದ ಮೂರ್ನಾಲ್ಕು ಜನ ಹೋಗಿ, ಹಿಂದಿನ ದಿನ ಕಚೇರೀಲಿ ತಿಳಿಸಿ ಹೋದ್ರೆ ಬಾಗಿಲಲ್ಲಿ ತಕರಾರು ಆಗಲ್ಲ. ಪ್ರೇಕ್ಷಕರಿಗೆ ಮಾತಾಡೋಕೆ ಅವಕಾಶ ಇಲ್ಲ, ಎದ್ದು ಕೂಗಿದ್ರೆ ಹೊರಗೆ ಕಳಿಸೋ ಅಧಿಕಾರ ಅಧ್ಯಕ್ಷರಿಗಿದೆ. ಸುಮ್ನೆ ಕೂತು ಬರ್ಕೊಳ್ಳಿ.

ಮೊದಲು ಹಿಂದಿನ ಸಭೆಯ ನಡಾವಳಿ (ಏನು ಚರ್ಚೆ, ಏನು ತೀರ್ಮಾನ ಆಯ್ತು ಅನ್ನೋ ದಾಖಲೆ) ಓದ್ತಾರೆ, ಆಮೇಲೆ ಜಮಾ ಖರ್ಚು, ಆಮೇಲೆ ಸರ್ಕಾರದ ಸುತ್ತೋಲೆಗಳು, ಟೆಂಡರ್ ವಿಷಯ, ಅರ್ಜಿಗಳು, ಕೊನೇಲಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು". ಜನ ಜಮಾ ಖರ್ಚು ಬಂದಾಗ ಬೇಜಾರು ಅಂತ ಹೊರಗೆ ಟೀ ಕುಡಿಯೋಕೆ ಹೋಗ್ತಾರೆ, ದಯವಿಟ್ಟು ಹೋಗಬೇಡಿ, ಊರಿನ ದುಡ್ಡು ಟ್ಯಾಂಕರ್ ನೀರಿಗೆ ಎಷ್ಟು ಹೋಯ್ತು, ಇಂದಾವರದ ಕಸ ವಿಲೇವಾರಿಗೆ ಎಷ್ಟು, ಪಂಪ್ ರಿಪೇರಿಗೆ ಎಷ್ಟು ಅಂತ ತಿಳಿಯೋದು ಅಲ್ಲೇ. "ಘಟನೋತ್ತರ ಅನುಮೋದನೆ" ಅನ್ನೋ ಪದ ಕಿವಿಗೆ ಬಿದ್ರೆ ಗುರುತು ಹಾಕ್ಕೊಳ್ಳಿ, ಖರ್ಚು ಮೊದಲೇ ಆಗಿದೆ, ಒಪ್ಪಿಗೆ ಈಗ ತಗೋತಿದ್ದಾರೆ ಅಂತ ಅರ್ಥ, ಪ್ರವಾಹ, ಪೈಪ್‌ಲೈನ್ ಒಡೆದಿದ್ದು ಇಂಥ ತುರ್ತಿಗೆ ಅದು ಸರಿಯೇ, ಪ್ರತಿ ತಿಂಗಳೂ ಪ್ರತಿ ಬಿಲ್ಲಿಗೂ ಅದೇ ಆದ್ರೆ ನಿಮ್ಮ ಸದಸ್ಯರನ್ನ ಕೇಳಿ. ಹಾಗೇ ಕೊನೆಯ "ಇತರೆ ವಿಷಯಗಳು" ಬರೋವರೆಗೂ ಕೂತಿರಿ, ಅಜೆಂಡಾದಲ್ಲಿ ಮುಂಚೆ ಯಾರೂ ಓದಿರದ ವಿಷಯಗಳು ಬರೋದು ಅಲ್ಲಿ, ಅಷ್ಟೊತ್ತಿಗೆ ಅರ್ಧ ಸದಸ್ಯರು ಎದ್ದಿರ್ತಾರೆ.

ನಿಮ್ಮ ವಿಷಯ ಬಂದಾಗ ಏನಂತ ತೀರ್ಮಾನ ಆಯ್ತು ಅಂತ ಅದೇ ಮಾತಲ್ಲಿ ಬರ್ಕೊಳ್ಳಿ. "ಸರ್ವಾನುಮತದಿಂದ ಒಪ್ಪಲಾಯಿತು" ಅಂದ್ರೆ ಆಯ್ತು. "ಮುಂದಿನ ಸಭೆಗೆ ಮುಂದೂಡಲಾಯಿತು" ಅಂದ್ರೆ ಮುಂದಿನ ಸಭೇಲಿ ತಾನಾಗೇ ಬರುತ್ತೆ ಅಂತ ನಂಬಬೇಡಿ, ಮತ್ತೆ ಕೇಳ್ಬೇಕು. "ಪರಿಶೀಲಿಸಿ ಕ್ರಮ ಕೈಗೊಳ್ಳುವುದು" ಅಂತ ಬಂದ್ರೆ ಯಾರು ಪರಿಶೀಲಿಸ್ಬೇಕು, ಯಾವಾಗೊಳಗೆ ಅಂತ ಸದಸ್ಯರ ಬಾಯಲ್ಲೇ ಕೇಳಿಸಿ, ಹೆಸರು ತಾರೀಖು ಇಲ್ಲದ ನಿರ್ಣಯಕ್ಕೆ ವಾರಸುದಾರರೇ ಇರಲ್ಲ.

ಇಲ್ಲಿಗೆ ಕೆಲಸ ಆಯ್ತು ಅಂತ ಜನ ಸಿಹಿ ಹಂಚಿಬಿಡ್ತಾರೆ, ಆದ್ರೆ ದಾರಿ ಇನ್ನೂ ಇದೆ. ನಿರ್ಣಯ ಆದ್ಮೇಲೆ ಅದು ಕ್ರಿಯಾ ಯೋಜನೆಗೆ ಸೇರ್ಬೇಕು, ಕೇಂದ್ರ ಹಣಕಾಸು ಆಯೋಗದ ಅನುದಾನ, ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಅನುದಾನ ಅಥವಾ ನಗರಸಭೆ ನಿಧಿ ಇದ್ರಲ್ಲಿ ಯಾವ ದುಡ್ಡು ಅಂತ ನಿಗದಿ ಆಗ್ಬೇಕು, ಅನುದಾನದ ಕ್ರಿಯಾ ಯೋಜನೆಗೆ ಜಿಲ್ಲಾಧಿಕಾರಿಗಳ ಅನುಮೋದನೆ, ಆಮೇಲೆ 1999ರ ಪಾರದರ್ಶಕತೆ ಕಾಯ್ದೆ ಪ್ರಕಾರ ಟೆಂಡರ್, ಆಮೇಲೆ ಕಾರ್ಯಾದೇಶ (ವರ್ಕ್ ಆರ್ಡರ್). ಕಾನೂನಿಗೆ ವಿರುದ್ಧ ಅನ್ನಿಸಿದ ನಿರ್ಣಯವನ್ನ ತಡೆಹಿಡಿಯೋ ಅಧಿಕಾರಾನೂ ಜಿಲ್ಲಾಧಿಕಾರಿಗಳಿಗಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅಂತ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ದುಡ್ಡು ತೆಗೆದಿಡಬೇಕು ಅನ್ನೋ ನಿಯಮ ಇದೆ, ಈ ದುಡ್ಡು ವರ್ಷದ ಕೊನೇಲಿ ಬಳಕೆ ಆಗದೆ ಉಳಿದುಬಿಡೋದು ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ, ಓದೋ ಮಕ್ಕಳಿರೋ ಮನೆಗಳು, ತ್ರಿಚಕ್ರ ವಾಹನ ಬೇಕಾಗಿರೋರು ನಿಮ್ಮ ಬೀದೀಲಿ ಇದ್ರೆ ಅರ್ಜಿ ಕರೆದಾಗ ಅವರಿಗೆ ಹೇಳಿ, ಕೈ ಹಿಡಿದು ಕರ್ಕೊಂಡು ಹೋಗಿ ಕೊಡಿಸಿ.

ನಡಾವಳಿ ಪ್ರತಿ ಕೇಳಿದ್ರೆ ಕೆಲವು ಸಲ ಸುಮ್ನೆ ಕೊಡ್ತಾರೆ, ಕೊಡದಿದ್ರೆ ಮಾಹಿತಿ ಹಕ್ಕಲ್ಲಿ ಹಾಕಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ, ಇದು ನಮ್ಮ ರಾಜ್ಯದ ನಿಯಮ. "ಇಂಥ ದಿನಾಂಕದ ಸಾಮಾನ್ಯ ಸಭೆಯ ನಡಾವಳಿಯ ದೃಢೀಕೃತ ಪ್ರತಿ ಕೊಡಿ" ಅಷ್ಟೇ ಬರೀರಿ, ಯಾಕೆ ಮಾಡಿಲ್ಲ, ಯಾವಾಗ ಮಾಡ್ತೀರಿ ಅಂತೆಲ್ಲ ಪ್ರಶ್ನೆ ಕೇಳಿದ್ರೆ ಅದು ಮಾಹಿತಿ ಅಲ್ಲ ಅಂತ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಟ್ಟುಬಿಡ್ತಾರೆ. ಮೂವತ್ತು ದಿನದಲ್ಲಿ ಬರ್ಬೇಕು, ಬರದಿದ್ರೆ ಮೊದಲ ಮೇಲ್ಮನವಿ. ಕೆಲಸ ಶುರುವಾದ್ಮೇಲೆ ಇದೇ ರೀತಿ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪ್ರತಿಯನ್ನೂ ತರಿಸಿ, ಅದ್ರಲ್ಲಿ ಬರೆದಿರೋ ಅಗಲ ಆಳ ನಿಮ್ಮ ಬೀದಿ ಚರಂಡೀಲಿ ಇದೆಯಾ ಅಂತ ಟೇಪ್ ಹಿಡಿದು ನೋಡಿ.

ಟೈಮಿಂಗ್ ಬಗ್ಗೆ ಒಂದು ಮಾತು. ನಮ್ಮದು ಮಲೆನಾಡಿನ ಅಂಚು, ಜೂನಲ್ಲಿ ಮಳೆ ಹಿಡ್ಕೊಂಡ್ರೆ ಡಾಂಬರು ಹಾಕೋಕಾಗಲ್ಲ, ಮಣ್ಣು ಅಗೆಯೋಕಾಗಲ್ಲ. ಚರಂಡಿ, ರಸ್ತೆ ಬೇಕು ಅನ್ನೋರು ಮಳೆ ಬಂದಾಗ ಅರ್ಜಿ ಕೊಟ್ರೆ ತಡ ಆಯ್ತು, ದಸರಾ ದೀಪಾವಳಿ ಹೊತ್ತಿಗೆ ಕೊಟ್ರೆ ಬೇಸಿಗೆಗೆ ಕೆಲಸ ಸಿಗಬಹುದು. ಬಜೆಟ್‌ಗೆ ಮುಂಚೆ ಸಾರ್ವಜನಿಕರನ್ನ ಕರೆದು ಪೂರ್ವಭಾವಿ ಸಭೆ ಮಾಡ್ತಾರೆ, ಅಲ್ಲಿ ನಾವು ಮಾತಾಡಬಹುದು, ನಮ್ಮ ಬಾಯಿಗೆ ಅವಕಾಶ ಇರೋ ಸಭೆ ಅದು, ಆದ್ರೆ ಅಲ್ಲಿಗೆ ಬರೋರು ಬೆರಳೆಣಿಕೆ ಜನ. ಹೋಗಿ, ಬಾಯಲ್ಲಿ ಹೇಳಿದ್ದನ್ನೇ ಬರಹದಲ್ಲೂ ಕೊಟ್ಟು ಬನ್ನಿ. ಏಪ್ರಿಲಲ್ಲಿ ಆಸ್ತಿ ತೆರಿಗೆ ಕಟ್ಟಿದ್ರೆ ಶೇ 5 ರಿಯಾಯಿತಿ ಇದೆ, ಅದನ್ನ ಆಗಲೇ ಕಟ್ಟಿ ರಸೀದಿ ಅರ್ಜಿ ಜೊತೆ ಇಡಿ, ಕಂದಾಯ ಬಾಕಿ ಇಟ್ಕೊಂಡು ಬಂದಿದ್ದಾರೆ ಅಂತ ಹೇಳಿಸ್ಕೊಳ್ಳೋ ಸಂದರ್ಭ ಬರಬಾರದು.

ಐದು ವರ್ಷದ ಅವಧಿ ಮುಗಿದು ಚುನಾವಣೆ ತಡ ಆದ್ರೆ ಸದಸ್ಯರು ಇರಲ್ಲ, ಸಾಮಾನ್ಯ ಸಭೆಯೂ ಇರಲ್ಲ, ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳೇ ಆಡಳಿತಾಧಿಕಾರಿ ಆಗಿರ್ತಾರೆ. ಆಗಲೂ ಟಪಾಲು, ಇನ್‌ವರ್ಡ್ ನಂಬರ್, ಅಂದಾಜು ಪಟ್ಟಿ, ಕ್ರಿಯಾ ಯೋಜನೆ ಎಲ್ಲ ಹಾಗೇ ನಡೆಯುತ್ತೆ, ಅರ್ಜಿ ಮೇಲೆ ಅಧ್ಯಕ್ಷರು ಅನ್ನೋ ಕಡೆ ಆಡಳಿತಾಧಿಕಾರಿಗಳು ಅಂತ ಬರೆದು ಒಂದು ಪ್ರತಿ ಜಿಲ್ಲಾಧಿಕಾರಿ ಕಚೇರಿಗೂ ಕೊಡಿ. ಹೊಸ ಸದಸ್ಯರು ಗೆದ್ದು ಬಂದ ವಾರವೇ ಹಳೇ ಅರ್ಜಿಗಳ ಕಾಪಿ, ಇನ್‌ವರ್ಡ್ ನಂಬರ್ ಎಲ್ಲ ಒಂದು ಫೈಲಲ್ಲಿ ಹಾಕಿ ಅವರ ಮನೆಗೆ ತಲುಪಿಸಿ, ಹಾರ ಹಾಕೋರ ಗದ್ದಲ ಮುಗಿದ್ಮೇಲೆ ಸಂಜೆ ಹೊತ್ತು ಹೋದ್ರೆ ಕೂತು ಓದ್ತಾರೆ.