ಇನ್ಸುಲಿನ್ ಬಾಟಲಿ ಮೊಂಡು ಹಿಡಿದಾಗ

ಅಮ್ಮನಿಗೆ ದಿನಾ ಬೆಳಿಗ್ಗೆ 20 ಯೂನಿಟ್ ಇನ್ಸುಲಿನ್ ಕೊಡುವುದು ನನ್ನ ಕೆಲಸ. ಹೊಸ ಬಾಟಲಿ ಶುರುಮಾಡಿದ ನಾಲ್ಕೈದು ದಿನ ಏನೂ ತೊಂದರೆಯಿರಲಿಲ್ಲ. ಆಮೇಲೆ ಪಿಸ್ಟನ್ ಎಳೆದರೆ ಬಿಗಿ, ಕೈಬಿಟ್ಟರೆ ರಬ್ಬರ್ ಕಟ್ಟಿದ ಹಾಗೆ ವಾಪಸ್. ಬಂದಷ್ಟರಲ್ಲೂ ಬರೀ ಗುಳ್ಳೆ. ಸಿರಿಂಜೇ ಸರಿಯಿಲ್ಲ ಅಂತ ಮೂರು ಬದಲಿಸಿದೆ, ದುಡ್ಡು ದಂಡ.

ಸಿರಿಂಜು ಔಷಧವನ್ನು ಎಳೆಯುತ್ತದೆ ಅಂದುಕೊಂಡಿದ್ದೇ ತಪ್ಪು. ಪಿಸ್ಟನ್ ಹಿಂದೆ ಸರಿದಾಗ ಕೊಳವೆಯೊಳಗೆ ಒತ್ತಡ ಇಳಿಯುತ್ತದೆ, ಅಷ್ಟೇ. ದ್ರವವನ್ನು ಒಳಕ್ಕೆ ತಳ್ಳುವುದು ಅದರ ಮೇಲೆ ಕೂತ ಗಾಳಿ. ತೆರೆದ ಲೋಟವಾದರೆ ಇಡೀ ವಾತಾವರಣವೇ ತಳ್ಳುತ್ತದೆ: ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಭಾರದಷ್ಟು, 10 ಮೀಟರ್ ನೀರನ್ನು ಎತ್ತಿ ನಿಲ್ಲಿಸುವಷ್ಟು. ರಬ್ಬರ್ ಬಿರಡೆಯ ಬಾಟಲಿಗೆ ಆ ಗಾಳಿ ನುಗ್ಗುವುದೆಲ್ಲಿಂದ? ಔಷಧ ತೆಗೆದಷ್ಟೂ ಒಳಗಿನ ಚೂರು ಗಾಳಿ ಹಿಗ್ಗುತ್ತದೆ, ಒತ್ತಡ ಕುಸಿಯುತ್ತದೆ. 1662ರ ಬಾಯ್ಲ್ ನಿಯಮ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಮಾರ್ಕ್ಸೂ ತಗೊಂಡಿದ್ದೆ!

ಪರಿಚಯದ ನರ್ಸ್ ಒಬ್ಬರು ಕ್ರಮ ತೋರಿಸಿದರು. ಮೊದಲು 20ರ ಗೆರೆಯವರೆಗೆ ಗಾಳಿ ತುಂಬಿಕೊಂಡು, ನೆಟ್ಟಗಿಟ್ಟ ಬಾಟಲಿಗೆ ಚುಚ್ಚಿ ಆ ಗಾಳಿಯನ್ನು ಒಳಗೆ ಬಿಡಬೇಕು. ಸೂಜಿ ತೆಗೆಯದೆ ಬಾಟಲಿ ತಲೆಕೆಳಗು ಮಾಡಿ, ತುದಿ ಔಷಧದಲ್ಲಿ ಮುಳುಗಿರುವಂತೆ ನಿಧಾನ ಎಳೆಯಬೇಕು. ಮೊದಲ ದಿನ ನಾನು ತಳ್ಳುವ ಮುಂಚೆಯೇ ಪಿಸ್ಟನ್ ತಾನಾಗಿ ಒಳಗೆ ಹೋಯಿತು, ಬಾಟಲಿ ಅಷ್ಟು ಹಸಿದಿತ್ತು.

ಗುಳ್ಳೆ ಬಂದರೆ ಬೆರಳಿನಿಂದ ತಟ್ಟಿ ಮೇಲೇರಿಸಿ, ಬಾಟಲಿಗೇ ವಾಪಸ್ ತಳ್ಳಿ, ಮತ್ತೆ ಗೆರೆಗೆ ಸರಿಯಾಗಿ ಎಳೆಯುತ್ತೇನೆ. ಗುಳ್ಳೆ ಹಿಡಿದ ಜಾಗದಷ್ಟು ಇನ್ಸುಲಿನ್ ಕಡಿಮೆಯಾಗುತ್ತದಲ್ಲ.