ಒಂದೇ ಪೋರ್ಟಿನ ಪ್ಲಾಟರ್‌ಗೆ ಎ.ಐ.ಎಸ್. ಕೂಡಿಸಿದ ನನ್ನ ಅನುಭವ

ಕಾರವಾರದ ಬೈತಖೋಲ ಬಂದರಿನಲ್ಲಿರುವ ನಮ್ಮ ಭಾವನವರ ಬೋಟಿನ ಹಳೆಯ ಚಾರ್ಟ್ ಪ್ಲಾಟರ್‌ಗೆ (ಕಡಲ ನಕಾಶೆಯ ಮೇಲೆ ಬೋಟಿನ ಜಾಗ ತೋರಿಸುವ ಪರದೆ) ಎನ್.ಎಂ.ಇ.ಎ. 0183 ಇನ್‌ಪುಟ್, ಅಂದರೆ ಬೋಟಿನ ಉಪಕರಣಗಳು ಒಂದಕ್ಕೊಂದು ಮಾಹಿತಿ ಕೊಡುವ ಸಂಪರ್ಕ, ಇರುವುದು ಒಂದೇ. ಅದನ್ನು 4800 ಬಾಡ್‌ನ (ಸೆಕೆಂಡಿಗೆ 4800 ಬಿಟ್ ವೇಗದ) ಜಿ.ಪಿ.ಎಸ್. ಆಂಟೆನಾ ಆಗಲೇ ಹಿಡಿದುಕೊಂಡಿತ್ತು. ಸುತ್ತಲಿನ ಹಡಗುಗಳು ರೇಡಿಯೋದಲ್ಲಿ ಸಾರುವ ಹೆಸರು, ಸ್ಥಾನಗಳನ್ನು ಹಿಡಿಯುವ ಎ.ಐ.ಎಸ್. ರಿಸೀವರ್ ಮಾಹಿತಿ ಕೊಡುವುದು 38400ರಲ್ಲಿ. ಇವೆರಡೂ ಕೂಡಲಾರವೆಂದು ಹೇಳಿ, ಬಂದರಿನ ಕೆಲಸಗಾರರು ಹೊಸ ಪ್ಲಾಟರ್‌ಗೆ ಸುಮಾರು 90 ಸಾವಿರದ ಲೆಕ್ಕ ಕೊಟ್ಟಿದ್ದರು. ಹಳೆಯದಕ್ಕೇ ನಾನು ಕೂಡಿಸಿಕೊಡುತ್ತೇನೆಂದಾಗ, "ಸಮುದ್ರವೇ ಇಲ್ಲದ ಹುಬ್ಬಳ್ಳಿಯಲ್ಲಿ ಕುಳಿತು ನೀವು ಇದನ್ನು ಹೇಗೆ ಮಾಡುತ್ತೀರಿ?" ಎಂದು ಅವರಲ್ಲೊಬ್ಬರು ಕೇಳಿದ್ದು ನನಗೆ ನಾಟಿತು.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿದ್ದು ಬೋಟು ನಿಂತಿದ್ದರಿಂದ, ಬಂದರಿನಲ್ಲಿ ಒಂದು ತಾಸು ರಿಸೀವರಿನ ವಾಕ್ಯಗಳನ್ನು (ಅದು ಕಳಿಸುವ ಮಾಹಿತಿಯ ಸಾಲುಗಳನ್ನು) ಆಮೇಲೆ ಪರೀಕ್ಷಿಸಲೆಂದು ಲ್ಯಾಪ್‌ಟಾಪಿಗೆ ದಾಖಲಿಸಿಕೊಂಡು, ಪ್ಲಾಟರನ್ನು ಬಿಚ್ಚಿ, ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಯ ನನ್ನ ರಿಪೇರಿ ಅಂಗಡಿಗೆ ತಂದೆ. ಪೋರ್ಟಿನ ವೇಗವನ್ನು 38400ಕ್ಕೆ ಬದಲಿಸಲು ಅದರ ಮೆನುವಿನಲ್ಲಿ ಅವಕಾಶವಿತ್ತು. ಆದ್ದರಿಂದ ಜಿ.ಪಿ.ಎಸ್. ವಾಕ್ಯಗಳನ್ನೂ ಅದೇ ವೇಗಕ್ಕೆ ಏರಿಸಿ, ಎರಡನ್ನೂ ಒಂದೇ ಸಾಲಿನಲ್ಲಿ ಕಳಿಸುವ ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡೊಂದನ್ನು ಮಾಡಿದೆ.

ಮೊದಲ ಹತ್ತು ದಿನ ವ್ಯರ್ಥವಾದವು. ಇನ್‌ಪುಟ್ ಬೇರ್ಪಡಿಸಲು ಕೈಗೆ ಸಿಕ್ಕ ಪಿಸಿ817 ಆಪ್ಟೊಕಪ್ಲರ್ (ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ) ಹಾಕಿದ್ದೆ. ಜಿ.ಪಿ.ಎಸ್. ಸರಿಯಾಗಿ ಬರುತ್ತಿತ್ತು, ಎ.ಐ.ಎಸ್. ಮಾತ್ರ ಬರೀ ಕಸವಾಗಿ ಬರುತ್ತಿತ್ತು. ಸಂಕೇತ ಒಯ್ಯುವ ಎ ಮತ್ತು ಬಿ ತಂತಿಗಳು ಅದಲುಬದಲಾಗಿರಬೇಕೆಂದು ನಾಲ್ಕು ಸಲ ತಿರುಗಿಸಿ ನೋಡಿದೆ; ತಪ್ಪು ಅಲ್ಲಿರಲಿಲ್ಲ. 4800ರಲ್ಲಿ ಒಂದು ಬಿಟ್‌ಗೆ ಸುಮಾರು 208 ಮೈಕ್ರೋಸೆಕೆಂಡ್ ಸಿಗುತ್ತದೆ, 38400ರಲ್ಲಿ 26 ಮಾತ್ರ. ನಾನು ಹಾಕಿದ್ದ 10ಕೆ ರೆಸಿಸ್ಟರಿನೊಂದಿಗೆ ಆ ಕಪ್ಲರ್ ಅಷ್ಟು ಬೇಗ ಮುಚ್ಚಿಕೊಳ್ಳುತ್ತಿರಲಿಲ್ಲ. ಅದಕ್ಕಿಂತ ವೇಗದ 6ಎನ್137 ಕಪ್ಲರ್ ಹಾಕಿದ ಕೂಡಲೇ ವಾಕ್ಯಗಳು ಶುದ್ಧವಾದವು.

ಆಮೇಲೆ ಪರದೆಯಲ್ಲಿ ಹಡಗುಗಳ ಗುರುತಾದ ತ್ರಿಕೋನಗಳು ಮೂಡಿದರೂ ಹಡಗಿನ ಹೆಸರುಗಳು ಬರಲಿಲ್ಲ. ಹೆಸರನ್ನು ಹೊತ್ತ 5ನೆಯ ಬಗೆಯ ಸಂದೇಶ ಆರು ನಿಮಿಷಕ್ಕೊಮ್ಮೆ, ಅದೂ ಎರಡು ವಾಕ್ಯಗಳಾಗಿ ಒಡೆದು ಬರುತ್ತದೆ. ನನ್ನ ಬೋರ್ಡಿನ ಬಫರ್ (ವಾಕ್ಯಗಳು ಸರದಿ ಕಾಯುವ ಜಾಗ) ಚಿಕ್ಕದಾಗಿದ್ದರಿಂದ ಎರಡನೆಯ ತುಂಡು ಬಿದ್ದುಹೋಗುತ್ತಿತ್ತು. ಬಫರ್ ಹಿಗ್ಗಿಸಿ, ಒಂದು ವಾಕ್ಯ ಪೂರ್ತಿ ಮುಗಿಯುವ ತನಕ ಇನ್ನೊಂದನ್ನು ಒಳಗೆ ಬಿಡದಂತೆ ಏರ್ಪಾಡು ಮಾಡಿದೆ. ದಟ್ಟಣೆ ಹೆಚ್ಚಾದಾಗ ಯಾವ ವಾಕ್ಯವನ್ನು ಬಿಟ್ಟುಕೊಡಬೇಕೆಂಬ ಕ್ರಮವನ್ನು ಮಾತ್ರ ನಾನು ಇಲ್ಲಿ ಹೇಳುವುದಿಲ್ಲ, ಅದು ನನ್ನ ಹಲವು ರಾತ್ರಿಗಳ ದುಡಿಮೆ.

ಈ ನಡುವೆ ರಿಸೀವರನ್ನು ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕೂ ಒಯ್ದು, ಅಷ್ಟು ಎತ್ತರದಿಂದ ಕಡಲಿನ ಯಾವುದಾದರೂ ಹಡಗು ಸಿಕ್ಕೀತೇ ಎಂದು ಒಂದು ಸಂಜೆ ಕಾದೆ. ನೂರು ಕಿಲೋಮೀಟರಿಗೂ ಮಿಕ್ಕಿದ ದೂರ, ನಡುವೆ ಸಹ್ಯಾದ್ರಿ, ಒಂದೂ ಸಿಗಲಿಲ್ಲ.

ಆಗಸ್ಟಿನಲ್ಲಿ ಬೋಟಿಗೆ ಕೂಡಿಸಿದಾಗ ಹಗಲೆಲ್ಲ ಚೆನ್ನಾಗಿತ್ತು, ಕತ್ತಲಾದ ಮೇಲೆ ಹಡಗುಗಳು ಒಂದೊಂದಾಗಿ ಮಾಯವಾದವು. ಕಾರಣ ಡೆಕ್ಕಿನ ಅಗ್ಗದ ಎಲ್.ಇ.ಡಿ. ದೀಪಗಳು: ಅವುಗಳ ಡ್ರೈವರ್ (ದೀಪಕ್ಕೆ ವಿದ್ಯುತ್ ಒದಗಿಸುವ ಸರ್ಕ್ಯೂಟ್) ಎ.ಐ.ಎಸ್. ಬಳಸುವ 162 ಮೆಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತಿತ್ತು. ದೀಪದ ತಂತಿಗಳಿಗೆ ಗದ್ದಲ ತಡೆಯುವ ಫೆರೈಟ್ ಉಂಗುರ ಹಾಕಿ, ಆಂಟೆನಾವನ್ನು ಅವುಗಳಿಂದ ಸುಮಾರು ಎರಡು ಮೀಟರ್ ಮೇಲಕ್ಕೆ ಏರಿಸಿದ ಮೇಲೆ ಅದು ನಿಂತಿತು.

ರಿಸೀವರಿಗೆ 12 ಸಾವಿರ, ಬೋರ್ಡು, ಸುಟ್ಟ ಬಿಡಿಭಾಗ, ಕೇಬಲ್ ಸೇರಿ 4 ಸಾವಿರದ ಆಸುಪಾಸು, ಬಸ್ ಚಾರ್ಜು ಬೇರೆ. ಈಗ 15 ನಾಟಿಕಲ್ ಮೈಲಿ ದೂರದ ಸರಕು ಹಡಗು ಹೆಸರು ಸಮೇತ ಕಾಣುತ್ತದೆ. ಯುದ್ಧನೌಕೆಗಳಿಗೆ ಎ.ಐ.ಎಸ್. ಕಡ್ಡಾಯವಲ್ಲದ ಕಾರಣ ಅವು ಪರದೆಯಲ್ಲಿ ಮೂಡದೇ ಇರಬಹುದು. ಆದ್ದರಿಂದ ರಾತ್ರಿ ಕಾವಲಿಗೆ ಒಬ್ಬರನ್ನು ಮೊದಲಿನಂತೆಯೇ ನಿಲ್ಲಿಸಬೇಕೆಂದು ಭಾವನವರಿಗೆ ಹೇಳಿಯೇ ಬಂದಿದ್ದೇನೆ.