ಕರಾಟೆ ತರಗತಿಯಲ್ಲಿ ಎಐ: ನಾನು ಎಲ್ಲಿ ತಡೆದೆ, ಏಕೆ ತಡೆದೆ

ಮುಂಬಯಿಯ ಮುಲುಂಡಿನಲ್ಲಿ ಒಂದು ವಸತಿ ಸೊಸೈಟಿಯ ಸಭಾಂಗಣವನ್ನು ಬಾಡಿಗೆಗೆ ಹಿಡಿದು ನಾನು ಶೋಟೋಕಾನ್ ಪಂಥದ ಕರಾಟೆ ಕಲಿಸುತ್ತೇನೆ. ಸಂಜೆ ಮಕ್ಕಳ ಬ್ಯಾಚ್‌ಗಳು, ಅವು ಮುಗಿದ ಮೇಲೆ ದೊಡ್ಡವರದು. ಗುಜರಾತಿ, ಮರಾಠಿ ಮನೆಗಳ ಮಕ್ಕಳೇ ಹೆಚ್ಚು. ನಮ್ಮ ಕಡೆಯ ಹೋಟೆಲಿನವರ, ಬ್ಯಾಂಕಿನವರ ಮಕ್ಕಳೂ ಇದ್ದಾರೆ. ಕಲಿಸುವವನು ನಾನೊಬ್ಬನೇ. ಲೆಕ್ಕ, ಶುಲ್ಕದ ನೆನಪೋಲೆ, ಬೆಲ್ಟ್ ಪರೀಕ್ಷೆಯ ಅರ್ಜಿ, ಪಂದ್ಯಾವಳಿಯ ಸುತ್ತೋಲೆ ಎಲ್ಲವೂ ನನ್ನ ತಲೆಯ ಮೇಲೆಯೇ. ಹೀಗೆ ಒಂಟಿಯಾಗಿ ತರಗತಿ ನಡೆಸುವವರಿಗೆ ಎಐ ದೊಡ್ಡ ಆಸರೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿದ್ದುದರಿಂದ ನಾನೂ ಅದನ್ನು ಒಂದೊಂದೇ ಕೆಲಸಕ್ಕೆ ಹಚ್ಚಿ ನೋಡಿದೆ. ಮೊದಲಿನಿಂದಲೂ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದೆ: ಅದು ತಯಾರಿಸಿದ್ದು ಯಾವುದೂ ನಾನು ಓದದೆ ಯಾರಿಗೂ ಹೋಗಬಾರದು. ಇಲ್ಲಿ ಬರೆಯುತ್ತಿರುವುದೆಲ್ಲ ಹಾಗೆ ತಡೆದು ಓದಿದಾಗ ಕಂಡದ್ದು.

ಬೇಸಿಗೆ ಶಿಬಿರಕ್ಕೆ ಪೋಸ್ಟರ್ ಬೇಕಿತ್ತು. ಬಿಳಿ ಗಿ, ಅಂದರೆ ಕರಾಟೆಯ ಉಡುಪು, ತೊಟ್ಟ ಹುಡುಗಿಯೊಬ್ಬಳು ಮುಷ್ಟಿ ಚಾಚಿ ನಿಂತ ಚಿತ್ರ ಕೇಳಿದೆ. ಬಣ್ಣ, ಬೆಳಕು, ಮುಖದ ಕಳೆ ಎಲ್ಲವೂ ಸೊಗಸಾಗಿ ಬಂದಿದ್ದವು. ಮುಷ್ಟಿಯನ್ನು ದೊಡ್ಡದು ಮಾಡಿ ನೋಡಿದರೆ ಹೆಬ್ಬೆರಳು ಉಳಿದ ಬೆರಳುಗಳ ಒಳಗೆ ಸಿಕ್ಕಿಕೊಂಡಿತ್ತು. ಆ ಮುಷ್ಟಿಯಲ್ಲಿ ಒಮ್ಮೆ ಗಟ್ಟಿಯಾಗಿ ಗುದ್ದಿದರೆ ಹೆಬ್ಬೆರಳೇ ಮುರಿಯಬಹುದು. ಹೊಸ ಮಗು ಬಂದ ದಿನ ನಾನು ಹೇಳಿಕೊಡುವ ಮೊದಲ ಪಾಠವೇ ಬೆರಳುಗಳನ್ನು ಬಿಗಿಯಾಗಿ ಸುತ್ತಿ, ಹೆಬ್ಬೆರಳನ್ನು ತೋರುಬೆರಳು ಮತ್ತು ನಡುಬೆರಳಿನ ಮೇಲೆ ಹೊರಗಿನಿಂದ ಒತ್ತಿಡುವುದು. ಆ ಹುಡುಗಿಯ ಗಿಯ ಮಡಿಕೆಯೂ ತಿರುಗುಮುರುಗಾಗಿತ್ತು. ಎಡಗಡೆಯದು ಬಲಗಡೆಯದರ ಮೇಲೆ ಬರಬೇಕು. ಬಲವನ್ನು ಮೇಲೆ ತಂದು ಉಡಿಸುವುದು ಜಪಾನಿನಲ್ಲಿ ಸತ್ತವರಿಗೆ. ನನ್ನ ಗುರುಗಳು ಆ ಪೋಸ್ಟರನ್ನು ನೋಡಿದ್ದರೆ ಏನಾಗುತ್ತಿತ್ತೆಂದು ಯೋಚಿಸಲೂ ಆಗುವುದಿಲ್ಲ. ಅಂದಿನಿಂದ ಪೋಸ್ಟರ್‌ಗೆ ನಮ್ಮ ಹಿರಿಯ ವಿದ್ಯಾರ್ಥಿಗಳದೇ ಫೋಟೊ, ಅದೂ ವಯಸ್ಕರದು.

ಚಿತ್ರದ ತಪ್ಪು ತಿಳಿದವರ ಕಣ್ಣಿಗೆ ಬೇಗ ಬೀಳುತ್ತದೆ. ಬರಹದ ತಪ್ಪು ಹಾಗಲ್ಲ, ಏಕೆಂದರೆ ವಾಕ್ಯ ನಯವಾಗಿರುತ್ತದೆ. ಬಿಳಿ ಬೆಲ್ಟಿನ ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಲಿ ಎಂದು ಹೇಯಾನ್ ಶೋದಾನ್ ಎಂಬ ಕಾತಾದ (ಕ್ರಮಬದ್ಧ ಚಲನೆಗಳ ಸರಣಿಯ) ಹೆಜ್ಜೆಗಳನ್ನು ಬರೆದುಕೊಡಲು ಹೇಳಿದೆ. ಎರಡೂ ಕೈಗಳನ್ನು ಮೇಲೆತ್ತಿ ಹಿಂಗಾಲಿನ ಮೇಲೆ ಭಾರ ಹಾಕಿ ಆರಂಭಿಸಬೇಕು ಎಂದು ಬರೆದಿತ್ತು. ಅದು ನಮ್ಮಲ್ಲಿ ಎರಡನೆಯ ಕಾತಾ ಹೇಯಾನ್ ನಿದಾನ್‌ನ ಆರಂಭ. ಶೋದಾನ್ ಶುರುವಾಗುವುದು ಎಡಕ್ಕೆ ತಿರುಗಿ, ಮುಂಗಾಲು ಬಗ್ಗಿಸಿ, ಗೆದಾನ್ ಬರಾಯಿ, ಅಂದರೆ ಕೈಯನ್ನು ಕೆಳಗೆ ಬೀಸಿ ತಡೆಯುವ ಪಟ್ಟು, ಹಾಕುವುದರಿಂದ. ಈ ಗೊಂದಲಕ್ಕೆ ಹಳೆಯ ಬೇರಿದೆ. ಜಪಾನಿನ ಒಕಿನಾವಾದಲ್ಲಿ ಕರಾಟೆ ಗುರು ಇತೊಸು ಆಂಕೋ ಅವರು ಶಾಲಾಮಕ್ಕಳಿಗೆಂದು ರೂಪಿಸಿದ ಐದು ಕಾತಾಗಳ ಹೆಸರು ಪಿನಾನ್. 1922ರಲ್ಲಿ ಟೋಕಿಯೋಗೆ ಹೋಗಿ ನೆಲೆಸಿದ, ನಮ್ಮ ಶೋಟೋಕಾನಿನ ಮೂಲಗುರು ಫುನಾಕೋಶಿ ಗಿಚಿನ್ ಅವರು ಅವುಗಳಿಗೆ ಹೇಯಾನ್ ಎಂಬ ಹೆಸರು ಕೊಟ್ಟು, ಮೊದಲೆರಡರ ಕ್ರಮವನ್ನು ಅದಲುಬದಲು ಮಾಡಿದರು; ಸುಲಭವಾದದ್ದು ಮೊದಲು ಬಂತು. ಶಿತೋ ರ್ಯು, ವಾದೋ ರ್ಯು ಎಂಬ ಬೇರೆ ಕರಾಟೆ ಪಂಥಗಳಲ್ಲಿ ಹಳೆಯ ಕ್ರಮವೇ ಉಳಿಯಿತು. ಎಲ್ಲ ಪಂಥಗಳ ಬರಹವನ್ನೂ ಒಟ್ಟಿಗೆ ಓದಿಕೊಂಡ ಯಂತ್ರ ಎರಡನ್ನೂ ಕಲೆಸಿಬಿಟ್ಟಿತ್ತು. ಎಂಟು ವರ್ಷದ ಮಗು ತಪ್ಪು ಕಾತಾವನ್ನು ಮನೆಯಲ್ಲಿ ವಾರವಿಡೀ ಶ್ರದ್ಧೆಯಿಂದ ಮಾಡಿಕೊಂಡು ಬಂದರೆ ಅದನ್ನು ಬಿಡಿಸುವುದು ಎಷ್ಟು ಕಷ್ಟವೆಂದು ಕಲಿಸುವವರಿಗೆಲ್ಲ ಗೊತ್ತು. ಕುಮಿತೆಯ, ಅಂದರೆ ಇಬ್ಬರ ನಡುವಿನ ಸೆಣಸಾಟದ, ನಿಯಮ ಕೇಳಿದಾಗಲೂ ಇದೇ ಪಾಡು. ವಿಶ್ವ ಕರಾಟೆ ಒಕ್ಕೂಟದ ನಿಯಮದಲ್ಲಿ ಒಂದು ಕಾಲಕ್ಕೆ ಇಪ್ಪೊನ್ ಎಂಬ ತೀರ್ಪಿಗೆ ಒಂದು ಅಂಕವಿತ್ತು. ಈಗ ಅದಕ್ಕೆ ಮೂರು; ಉಳಿದ ತೀರ್ಪುಗಳಲ್ಲಿ ಯುಕೋಗೆ ಒಂದು, ವಾಜಾ-ಆರಿಗೆ ಎರಡು. ಹಳತು ಹೊಸತು ಎರಡೂ ಒಂದೇ ಕೋಷ್ಟಕದಲ್ಲಿ ಕೂತಿದ್ದವು. ನಿಯಮವನ್ನು ನಾನೀಗ ಚಾಲ್ತಿಯಲ್ಲಿರುವ ನಿಯಮಪುಸ್ತಕದಿಂದಲೇ ತೆಗೆಯುತ್ತೇನೆ.

ಹೆಣ್ಣುಮಕ್ಕಳಿಗಾಗಿ ಆತ್ಮರಕ್ಷಣೆಯ ಶಿಬಿರ ಮಾಡುವಾಗ ಕಾನೂನಿನ ಬಗ್ಗೆ ಒಂದು ಪುಟ ಹಂಚುತ್ತೇನೆ. ಎಷ್ಟರ ಮಟ್ಟಿಗೆ ತಿರುಗಿ ಹೊಡೆಯಬಹುದು ಎಂಬುದೇ ಅಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಎಐ ಬರೆದುಕೊಟ್ಟ ಪುಟ ಭಾರತೀಯ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಂಗಳನ್ನು ಈಗಲೂ ಜಾರಿಯಲ್ಲಿರುವಂತೆ ವಿವರಿಸಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಖಾಸಗಿ ರಕ್ಷಣೆಯ ಹಕ್ಕು ಅದರಲ್ಲಿ 34ರಿಂದ 44ರವರೆಗಿನ ಕಲಂಗಳಲ್ಲಿದೆ. ಕಲಂ ಸಂಖ್ಯೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ಅದು ಬಿಟ್ಟಿದ್ದ ಸಂಗತಿ. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ಹಾನಿ ಮಾಡಬಾರದು ಎಂಬ ಮಿತಿ 37ನೆಯ ಕಲಂನಲ್ಲಿದೆ. ಧೈರ್ಯ ತುಂಬುವ ಮಾತುಗಳ ಭರದಲ್ಲಿ ಆ ಮಿತಿಯೇ ಕಾಣೆಯಾಗಿತ್ತು. ಬಿದ್ದವನನ್ನು ಮತ್ತೆ ಒದೆಯದೆ ಅಲ್ಲಿಂದ ಓಡಿ ಸಹಾಯ ಕೇಳಬೇಕು ಎಂದು ನಾನು ತರಗತಿಯಲ್ಲಿ ಮಾಡಿಸಿ ತೋರಿಸುತ್ತೇನೆ. ಕೈಗೆ ಕೊಟ್ಟ ಕಾಗದ ಅದನ್ನೇ ಹೇಳದಿದ್ದರೆ ಹೇಗೆ? ಆ ಪುಟವನ್ನು ಪೂರ್ತಿ ಪಕ್ಕಕ್ಕಿಟ್ಟು, ವಕೀಲಿ ಮಾಡುವ ಒಬ್ಬ ಪೋಷಕರ ಜೊತೆ ಕುಳಿತು ಹೊಸದಾಗಿ ಬರೆದೆ.

ನಾನು ಬಳಸದಿದ್ದರೂ ಎಐ ತರಗತಿಯೊಳಗೆ ಬರುತ್ತದೆ, ಪೋಷಕರ ಮೊಬೈಲಿನಲ್ಲಿ. ಪಂದ್ಯಾವಳಿಗೆ ಮೊದಲು ಹೋಟೆಲ್ ನಡೆಸುವ ಒಬ್ಬ ತಂದೆ ಬಂದರು. "ಸರ್, ಇವನು ಕೆಳಗಿನ ತೂಕದಲ್ಲಿ ಆಡಿದರೆ ಪದಕ ಬರುತ್ತದೆಯಂತೆ. ಎರಡು ದಿನ ನೀರು, ಉಪ್ಪು ಕಡಿಮೆ ಮಾಡಿದರೆ ಸಾಕು ಎಂದು ಇದರಲ್ಲಿ ಬರೆದುಕೊಟ್ಟಿದೆ" ಎಂದು ಪರದೆ ತೋರಿಸಿದರು. ಗಂಟೆಗಂಟೆಗೆ ಎಷ್ಟು ಗುಟುಕು ಎಂಬ ಪಟ್ಟಿಯೇ ಅಲ್ಲಿತ್ತು. ಹುಡುಗನ ವಯಸ್ಸು ಎಲ್ಲಿಯೂ ನಮೂದಾಗಿರಲಿಲ್ಲ. ಅವರು ಹೇಳಿರಲಿಲ್ಲ, ಅದು ಕೇಳಿರಲಿಲ್ಲ. ಮೇ ತಿಂಗಳ ಮುಂಬಯಿಯ ಸೆಕೆಯಲ್ಲಿ ಹನ್ನೊಂದರ ಹುಡುಗನ ನೀರು ಕತ್ತರಿಸುವ ಮಾತು! "ಅವನು ಮೇಲಿನ ತೂಕದಲ್ಲೇ ಆಡಲಿ, ಅಣ್ಣ. ಸೋತರೂ ಪರವಾಗಿಲ್ಲ, ನೀರು ಮಾತ್ರ ನಿಲ್ಲಿಸಬೇಡಿ" ಎಂದೆ. ಅವರು ತಕ್ಷಣ ಒಪ್ಪಿದರು. ಮಗನ ಒಳ್ಳೆಯದನ್ನೇ ಬಯಸಿದವರು ಅವರು. ಕೇಳುವವರ ಕಕ್ಕುಲಾತಿಗೆ ತಕ್ಕಂತೆ ಯಂತ್ರ ಉತ್ತರ ಕೊಟ್ಟಿತ್ತು ಅಷ್ಟೇ. ಈಗ ಪಂದ್ಯಾವಳಿಯ ಅರ್ಜಿಯಲ್ಲೇ ಒಂದು ಸಾಲು ಸೇರಿಸಿದ್ದೇನೆ: ಮಕ್ಕಳ ತೂಕ ಇಳಿಸುವಂತಿಲ್ಲ. ತಲೆಗೆ ಪೆಟ್ಟು ಬಿದ್ದ ಮಗು ಆ ದಿನ ಮತ್ತೆ ಅಂಗಳಕ್ಕೆ ಇಳಿಯುವಂತಿಲ್ಲ, ವೈದ್ಯರು ನೋಡಿ ಒಪ್ಪಿದ ಮೇಲೆಯೇ ಎಂಬುದು ಅದರ ಕೆಳಗಿನ ಸಾಲು.

ಹೆಚ್ಚು ಆಸೆ ಇಟ್ಟುಕೊಂಡಿದ್ದು ವಿಡಿಯೊ ನೋಡಿ ನಿಲುವು ತಿದ್ದುವ ಆ್ಯಪ್ ಮೇಲೆ. ದೇಹದ ಕೀಲುಗಳ ಮೇಲೆ ಚುಕ್ಕಿಗಳನ್ನಿಟ್ಟು, ಗೆರೆ ಎಳೆದು, ಮೊಣಕಾಲು ಎಷ್ಟು ಡಿಗ್ರಿ ಬಗ್ಗಿದೆ ಎಂದು ಅದು ಹೇಳುತ್ತದೆ. ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ, ಪೋಷಕರ ಒಪ್ಪಿಗೆ ಪಡೆದು, ಕೆಲವು ಮಕ್ಕಳ ಕಾತಾ ಹಿಡಿದೆ. ಬಿಳಿ ಗೋಡೆಯ ಮುಂದೆ ಬಿಳಿ ಗಿ, ಟ್ಯೂಬ್‌ಲೈಟ್ ಬೆಳಕು. ಸಡಿಲ ಪ್ಯಾಂಟಿನೊಳಗೆ ಮೊಣಕಾಲು ಎಲ್ಲಿದೆ ಎಂದು ಅದು ಅಂದಾಜಿಸುತ್ತಿತ್ತು. ಸೊಂಟದ ಬದಿಗೆ ಎಳೆದ ಕೈ, ಅಂದರೆ ಹಿಕಿತೆ, ಮುಂದಿನಿಂದ ಕಾಣದಿದ್ದಾಗ ಮೊಣಕೈಯ ಚುಕ್ಕಿಯನ್ನು ಹೊಟ್ಟೆಯ ಮೇಲೆ ಇಟ್ಟುಬಿಡುತ್ತಿತ್ತು. ಒಂದೇ ಕ್ಯಾಮೆರಾಕ್ಕೆ ಆಳ ತಿಳಿಯುವುದು ಕಷ್ಟ. ಎದುರಿನಿಂದ ಹಿಡಿದ ವಿಡಿಯೊದಲ್ಲಿ ಜೆಂಕುತ್ಸು ದಾಚಿಯ, ಅಂದರೆ ಮುಂಗಾಲು ಬಗ್ಗಿಸಿದ ನಿಲುವಿನ, ಉದ್ದವೇ ಸರಿಯಾಗಿ ಸಿಗುವುದಿಲ್ಲ. ಇವೆಲ್ಲ ತಾಂತ್ರಿಕ ಕೊರತೆಗಳು, ಮುಂದೆ ಸರಿಹೋಗಬಹುದು. ಆದರೆ ಹಸಿರು ಬೆಲ್ಟಿನ ಒಬ್ಬ ಹುಡುಗಿಗೆ ಅದು ಪ್ರತಿ ಸಲವೂ "ಮುಂಗಾಲನ್ನು ಇನ್ನಷ್ಟು ಬಗ್ಗಿಸಿ" ಎಂದೇ ಹೇಳುತ್ತಿತ್ತು, ಅಂಕ ಇಳಿಸುತ್ತಿತ್ತು. ಅವಳು ಸೋಮಾರಿಯಲ್ಲ. ಪ್ಯಾಂಟಿನ ಕಾಲು ಮಡಚಲು ಹೇಳಿ ನೋಡಿದೆ. ಮೊಣಕಾಲಿನ ಕೆಳಗೆ, ಮೂಳೆಯ ತುದಿಯಲ್ಲಿ ಒಂದು ಉಬ್ಬು. ಮುಟ್ಟಿದರೆ ನೋವು. ವೈದ್ಯರು ಅದನ್ನು ಆಸ್ಗುಡ್-ಶ್ಲಾಟರ್ ಎಂದರು. ಎತ್ತರ ಬೇಗ ಬೆಳೆಯುವ ವಯಸ್ಸಿನಲ್ಲಿ, ಜಿಗಿತ ಮತ್ತು ಆಳವಾದ ಬಾಗುವಿಕೆ ಹೆಚ್ಚಿರುವ ಆಟಗಳಲ್ಲಿ, ತೊಡೆಯ ಸ್ನಾಯು ಎಳೆದೆಳೆದು ಬರುವ ತೊಂದರೆ. ಅವಳ ನಿಲುವನ್ನು ಎತ್ತರಿಸಿದೆ, ಜಿಗಿತ ನಿಲ್ಲಿಸಿದೆ, ಕೈಯ ಕೆಲಸ ಹೆಚ್ಚಿಸಿದೆ. ಆ್ಯಪಿನ ಲೆಕ್ಕದಲ್ಲಿ ಅವಳು ಹಿಂದೆ ಬಿದ್ದಳು. ನನ್ನ ಲೆಕ್ಕದಲ್ಲಿ, ನೋವಿದ್ದೂ ತರಗತಿ ಬಿಡದೆ ಬಂದ ಆ ಮಗುವಿನಷ್ಟು ಕಲಿತವರು ಆ ವರ್ಷ ಇರಲಿಲ್ಲ.

ಹಾಜರಿಯ ವಿಷಯಕ್ಕೆ ಬರುತ್ತೇನೆ. ಹಾಳೆಯನ್ನು ಹೆಸರಿಲ್ಲದೆ, ಬರೀ ಕ್ರಮಸಂಖ್ಯೆಗಳೊಂದಿಗೆ ಎಐಗೆ ಕೊಟ್ಟು, ತರಗತಿ ಬಿಡುವ ಸಾಧ್ಯತೆ ಇರುವವರು ಯಾರು ಎಂದು ಕೇಳಿದೆ. ಜುಲೈಯಲ್ಲಿ ಹಲವರ ಆಸಕ್ತಿ ಕುಗ್ಗಿದೆ ಎಂದಿತು. ಆದರೆ ಅದು ಮಳೆಗಾಲ. ಕುರ್ಲಾ-ಸಯಾನ್ ನಡುವೆ ರೈಲು ಹಳಿಯ ಮೇಲೆ ನೀರು ನಿಂತರೆ ಮಗುವನ್ನು ಕರೆತರಬೇಕಾದ ಅಪ್ಪ ಕಚೇರಿಯಿಂದ ಮನೆಗೇ ತಲುಪಿರುವುದಿಲ್ಲ. ನವರಾತ್ರಿಯಲ್ಲಿ ಬಾರದವರನ್ನೂ ಆ ಪಟ್ಟಿಗೆ ಸೇರಿಸಿತ್ತು. ಮುಲುಂಡಿನಲ್ಲಿ ಆ ಒಂಬತ್ತು ರಾತ್ರಿ ಗುಜರಾತಿ ಮಕ್ಕಳು ಗರ್ಬಾ ಬಿಟ್ಟು ಎಲ್ಲಿಗೂ ಬರುವುದಿಲ್ಲ, ಬರಬೇಕೆಂದು ನಾನು ಬಯಸುವುದೂ ಇಲ್ಲ. ಶಾಲೆಯ ರಜೆ ಸಿಕ್ಕ ಕೂಡಲೇ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗುವ ನಮ್ಮ ಮಕ್ಕಳು ಕೂಡ ಅದರ ಲೆಕ್ಕದಲ್ಲಿ ಕೈತಪ್ಪಿದವರು. ಇವರಿಗೆಲ್ಲ "ನಿಮ್ಮ ಮಗುವಿನ ಪ್ರಗತಿ ಕುಂಠಿತವಾಗುತ್ತಿದೆ" ಎಂಬ ಸಂದೇಶವನ್ನೂ ಬರೆದಿಟ್ಟಿತ್ತು. ಅತ್ತ, ನಿಜವಾಗಿ ಚಿಂತಿಸಬೇಕಾದ ಹುಡುಗನ ಹಾಜರಿ ಪೂರ್ತಿಯಾಗಿತ್ತು. ದಿನವೂ ಬರುತ್ತಿದ್ದ, ಕೊನೆಯ ಸಾಲಿನಲ್ಲಿ ನಿಲ್ಲುತ್ತಿದ್ದ, ಕಿಯಾಯ್ ಕೂಗುವುದನ್ನು ನಿಲ್ಲಿಸಿದ್ದ. ಹಾಜರಿ ಕರೆಯುವಾಗ ಮುಖ ನೋಡಿದ್ದರಿಂದ ಅದು ತಿಳಿಯಿತು. ಮನೆಯಲ್ಲಿ ಅಜ್ಜ ತೀರಿಕೊಂಡಿದ್ದರು. ಇದಕ್ಕೇ ನಾನು ಹಾಜರಿಯನ್ನು ಈಗಲೂ ಕೈಯಲ್ಲೇ ಹಿಡಿಯುತ್ತೇನೆ.

ರಾತ್ರಿ ಬರುವ ಸಂದೇಶಗಳಿಗೆ ತಾನಾಗಿ ಉತ್ತರಿಸುವ ಸೌಲಭ್ಯವನ್ನು ಪರೀಕ್ಷೆಗೆಂದು ಹಾಕಿದ್ದೆ, ಉತ್ತರದ ಕರಡು ಮಾತ್ರ ನನಗೆ ಬರುವಂತೆ. ಶುಲ್ಕ ಎಷ್ಟು, ಸಮಯ ಯಾವುದು ಎಂಬ ಪ್ರಶ್ನೆಗಳಿಗೆ ಚೆನ್ನಾಗಿಯೇ ಬರೆಯುತ್ತಿತ್ತು. ಒಂದು ರಾತ್ರಿ ತಾಯಿಯ ಮೊಬೈಲಿನಿಂದ ಮಗು ಬರೆದಿತ್ತು: "ಸರ್, ನಾನು ನಾಳೆಯಿಂದ ಬರುವುದಿಲ್ಲ." ಕರಡು ಹೀಗಿತ್ತು: ಪ್ರತಿಯೊಬ್ಬ ಚಾಂಪಿಯನ್‌ಗೂ ಕಷ್ಟದ ದಿನಗಳಿರುತ್ತವೆ, ನಾಳೆ ಹೊಸ ಹುರುಪಿನಿಂದ ಬಾ, ಮುಂದಿನ ತಿಂಗಳ ಶುಲ್ಕದಲ್ಲಿ ರಿಯಾಯಿತಿ ಇದೆ. ಅದನ್ನು ಅಳಿಸಿ ಬೆಳಿಗ್ಗೆ ತಾಯಿಗೆ ಫೋನ್ ಮಾಡಿದೆ. ಜೋಡಿ ಅಭ್ಯಾಸದಲ್ಲಿ ದೊಡ್ಡ ಹುಡುಗನೊಬ್ಬ ಬೇಕೆಂದೇ ಜೋರಾಗಿ ಹೊಡೆಯುತ್ತಿದ್ದ, ಅತ್ತರೆ ನಗುತ್ತಿದ್ದ. ಜೋಡಿ ಬದಲಿಸಿದೆ, ಆ ಹುಡುಗನ ಮನೆಯವರನ್ನು ಕರೆಸಿ ಮಾತನಾಡಿದೆ. ಅದೇ ಸಾಲಿನ ಹಿಂದೆ ಇನ್ನೂ ಗಂಭೀರವಾದದ್ದೂ ಇರಬಹುದಿತ್ತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಆ ಸುಳಿವು ಎಷ್ಟೋ ಬಾರಿ ಇಂಥ ಒಂದೇ ಸಾಲಿನಲ್ಲಿ ಬರುತ್ತದೆ. ತರಗತಿಯ ಸಂಖ್ಯೆಗೆ ಬರೆದ ಮಗುವಿಗೆ ಯಂತ್ರ ಉತ್ತರಿಸುವುದನ್ನು ನಾನು ಸಹಿಸಲಾರೆ. ಆ ಸೌಲಭ್ಯವನ್ನು ತೆಗೆದೆ.

ಮಕ್ಕಳ ವಿವರಗಳ ಬಗ್ಗೆಯೂ ಬಿಗಿಯಾಗಿದ್ದೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳೇ, ಅವರ ದತ್ತಾಂಶ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಕಾಯ್ದೆ ಇರದಿದ್ದರೂ ಇಷ್ಟು ಮಾಡುತ್ತಿದ್ದೆ: ಹೆಸರು, ಫೋಟೊ, ಹುಟ್ಟಿದ ದಿನಾಂಕ, ಆರೋಗ್ಯದ ಮಾಹಿತಿ ಯಾವ ಎಐ ಸಾಧನಕ್ಕೂ ಹೋಗುವುದಿಲ್ಲ. ನಿಲುವಿನ ಪರೀಕ್ಷೆಗೆ ಹಿಡಿದ ವಿಡಿಯೊಗಳನ್ನು ಪೋಷಕರ ಎದುರಿನಲ್ಲೇ ಅಳಿಸಿ, ಖಾತೆಯನ್ನೂ ಮುಚ್ಚಿದೆ.

ಹಾಗಾದರೆ ಉಳಿದದ್ದೇನು? ವೇಳಾಪಟ್ಟಿ, ಶುಲ್ಕದ ಹಾಳೆಯ ಸೂತ್ರಗಳು, ಸಭಾಂಗಣದ ಬಾಡಿಗೆಯ ಬಗ್ಗೆ ಸೊಸೈಟಿ ಸಮಿತಿಗೆ ಬರೆಯುವ ಇಂಗ್ಲಿಷ್ ಪತ್ರ, ರಜೆಯ ಸುತ್ತೋಲೆಯ ಮೊದಲ ಕರಡು. ಇವುಗಳಲ್ಲಿ ಅದು ನಿಜಕ್ಕೂ ನೆರವಾಗಿದೆ, ಸಂಜೆಗಳು ಹಗುರಾಗಿವೆ. ಬೆಲ್ಟ್ ಪರೀಕ್ಷೆಯ ಷರಾಗಳನ್ನು ಮಾತ್ರ ಅದಕ್ಕೆ ಕೊಡಲಿಲ್ಲ. ಅವನ್ನು ಮಗು ಎದುರಿಗೆ ನಿಂತಿರುವಾಗಲೇ ಬರೆಯುತ್ತೇನೆ: ತಿರುಗುವಾಗ ಎಡ ಹಿಮ್ಮಡಿ ಏಳುತ್ತಿದೆ, ಕಣ್ಣು ಮೊದಲು ತಿರುಗಬೇಕು, ಕಳೆದ ಸಲಕ್ಕಿಂತ ಉಸಿರು ಸ್ಥಿರವಾಗಿದೆ. ಹಾಗೆ ಬರೆಯಲು ಹೊತ್ತು ಬೇಕಾಗುವುದರಿಂದ ಈ ಬಾರಿಯ ಪರೀಕ್ಷೆಯನ್ನು ಎರಡು ಭಾನುವಾರಗಳಿಗೆ ಹಂಚಿದ್ದೇನೆ.